ಸೇಂಟ್ ಪಿಯರ್ ಮತ್ತು ಮಿಕೆಲಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ್ಟ ದ್ವೀಪಗಳ ಬಗ್ಗೆ ಹಲವು ವರ್ಷಗಳಿಂದ ಓದುತ್ತ, ಸಿಕ್ಕವರೊಂದಿಗೆ ಮಾತಾಡುತ್ತ ಬಂದಿದ್ದೇನೆ. ಹೆಸರು ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ಪ್ರಶ್ನೆಗಳನ್ನು ಹಾಕುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲಿನವು ಸುಲಭ. ಮುಂದಕ್ಕೆ ಹೋದಂತೆ ಸ್ವಲ್ಪ ಆಳಕ್ಕಿಳಿಯುತ್ತವೆ.

## ಮೊದಲ ಪರಿಚಯ

ಇವು ಎಲ್ಲಿವೆ? ನಕ್ಷೆಯಲ್ಲಿ ಹುಡುಕಿದರೂ ಸಿಗಲಿಲ್ಲ.

ಕೆನಡಾದ ಪೂರ್ವ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪವಿದೆ. ಅದರ ದಕ್ಷಿಣ ಕರಾವಳಿಯಿಂದ ಬ್ಯೂರಿನ್ ಎಂಬ ಪರ್ಯಾಯದ್ವೀಪ ಸಮುದ್ರಕ್ಕೆ ಚಾಚಿಕೊಂಡಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಈ ದ್ವೀಪಗಳಿವೆ. ಬ್ಯೂರಿನ್‌ನ ಫಾರ್ಚೂನ್ ಎಂಬ ಊರಿನಿಂದ ಹಡಗು ಹತ್ತಿದರೆ ಹೆಚ್ಚು ಹೊತ್ತು ಬೇಡ, ಫ್ರಾನ್ಸ್ ತಲುಪುತ್ತೀರಿ. ಪ್ಯಾರಿಸ್ ಮಾತ್ರ ಅಲ್ಲಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ.

ಒಟ್ಟು ನೆಲ 242 ಚದರ ಕಿಲೋಮೀಟರ್. ಇದರಲ್ಲಿ ಸೇಂಟ್ ಪಿಯರ್ ದ್ವೀಪದ ಪಾಲು ಕೇವಲ 26. ಆದರೂ ಹತ್ತರಲ್ಲಿ ಒಂಬತ್ತು ಜನ ಇರುವುದು ಅಲ್ಲೇ, ಏಕೆಂದರೆ ಒಳ್ಳೆಯ ಬಂದರು ಇರುವುದು ಅಲ್ಲಿ. ದೊಡ್ಡ ದ್ವೀಪವಾದ ಮಿಕೆಲಾನ್ ಮತ್ತು ಅದರ ದಕ್ಷಿಣದ ಲಾಂಗ್ಲಾಡ್ ಹಿಂದೆ ಬೇರೆ ಬೇರೆಯಾಗಿದ್ದವು. ಅಲೆಗಳು ತಂದು ಸುರಿದ ಮರಳು ಅವೆರಡನ್ನೂ ಹೊಲಿದು ಒಂದು ಮಾಡಿದೆ. ಸುಮಾರು 12 ಕಿಲೋಮೀಟರ್ ಉದ್ದದ ಆ ಮರಳಿನ ಪಟ್ಟಿಗೆ ಮಂಜಿನಲ್ಲಿ ದಾರಿ ತಪ್ಪಿದ ಹಡಗುಗಳು ಬಂದು ಅಪ್ಪಳಿಸುತ್ತಿದ್ದವು. ಈ ದ್ವೀಪಗಳ ಸುತ್ತ ಒಡೆದುಹೋದ ಹಡಗುಗಳ ಸಂಖ್ಯೆ 600 ದಾಟುತ್ತದೆ.

ಅದು ನಿಜವಾಗಿಯೂ ಫ್ರಾನ್ಸೇ? ಅಥವಾ ಹೆಸರಿಗೆ ಮಾತ್ರವೇ?

ನಿಜವಾಗಿಯೂ ಫ್ರಾನ್ಸ್. ಅಲ್ಲಿಯವರು ಫ್ರೆಂಚ್ ನಾಗರಿಕರು. ಪ್ಯಾರಿಸ್ಸಿನ ಸಂಸತ್ತಿಗೆ ಒಬ್ಬ ಡೆಪ್ಯುಟಿಯನ್ನೂ ಒಬ್ಬ ಸೆನೆಟರನ್ನೂ ಕಳುಹಿಸುತ್ತಾರೆ. ಪ್ಯಾರಿಸ್ ನೇಮಿಸಿದ ಪ್ರಿಫೆಕ್ಟ್ ಆಡಳಿತ ನೋಡುತ್ತಾರೆ, ಜೊತೆಗೆ 19 ಸದಸ್ಯರ ಸ್ಥಳೀಯ ಮಂಡಳಿಯಿದೆ. ಹಣ ಯೂರೋ. ಗೋಡೆಯ ಪ್ಲಗ್ಗೂ ಯುರೋಪಿನದೇ. ಆದರೆ ದ್ವೀಪಗಳು ಯುರೋಪಿಯನ್ ಒಕ್ಕೂಟದ ಭಾಗವಲ್ಲ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲೂ ಇಲ್ಲ. ಸುಂಕದ ನಿಯಮಗಳೂ ಬೇರೆ. ಭಾರತದಿಂದ ಹೋಗಲು ಬಯಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು: ಷೆಂಗೆನ್ ವೀಸಾ ಇದ್ದ ಮಾತ್ರಕ್ಕೆ ಇಲ್ಲಿಗೆ ಪ್ರವೇಶವಿಲ್ಲ, ಈ ಪ್ರದೇಶಕ್ಕೆ ಅನ್ವಯಿಸುವ ಅನುಮತಿಯನ್ನು ಫ್ರೆಂಚ್ ದೂತಾವಾಸದಲ್ಲಿ ವಿಚಾರಿಸಬೇಕು. ಕೆನಡಾ ಮೂಲಕ ಹೋಗುವವರ ಬಳಿ ಅಲ್ಲಿಗೆ ಮರಳಿ ಪ್ರವೇಶಿಸುವ ವೀಸಾ ಕೂಡ ಇರಬೇಕು.

ಅಲ್ಲಿ ಯಾರು ವಾಸಿಸುತ್ತಾರೆ?

ಆರು ಸಾವಿರಕ್ಕಿಂತ ಸ್ವಲ್ಪ ಕಡಿಮೆ ಜನ. ಹೆಚ್ಚಿನವರು ಬಾಸ್ಕ್, ಬ್ರೆಟನ್ ಮತ್ತು ನಾರ್ಮನ್ ಮೀನುಗಾರರ ಪೀಳಿಗೆಯವರು. ಮಿಕೆಲಾನ್ ಹಳ್ಳಿಯಲ್ಲಿ ಅಕೇಡಿಯನ್ನರ ಬೇರು ಬಲವಾಗಿದೆ. 1755ರಿಂದ ಇಂಗ್ಲಿಷರು ಇಂದಿನ ನೋವಾ ಸ್ಕೋಷಿಯಾದ ಕಡೆಯಿಂದ ಒಕ್ಕಲೆಬ್ಬಿಸಿದ ಫ್ರೆಂಚ್ ರೈತರು ಇವರು. ಸೇಂಟ್ ಪಿಯರ್ ಪಟ್ಟಣದ ನಡುವೆ 1906ರಲ್ಲಿ ಕಟ್ಟಿದ ಬಾಸ್ಕ್ ಚೆಂಡಾಟದ ಗೋಡೆ ಇಂದಿಗೂ ಬಳಕೆಯಲ್ಲಿದೆ. ಚಳಿಗಾಲದಲ್ಲಿ ಅದೇ ಊರಿನ ಹುಡುಗರು ಕೆನಡಾದವರಂತೆ ಐಸ್ ಹಾಕಿ ಆಡುತ್ತಾರೆ.

ಯುರೋಪಿಯನ್ನರಿಗಿಂತ ಮೊದಲು ಇಲ್ಲಿ ಯಾರೂ ಬಂದಿರಲಿಲ್ಲ ಎಂದುಕೊಳ್ಳಬೇಡಿ. ಸೇಂಟ್ ಪಿಯರ್‌ನ ಉತ್ತರ ತುದಿಯ ಉತ್ಖನನದಲ್ಲಿ ಅಮೆರಿಕದ ಮೂಲನಿವಾಸಿಗಳ ಕಲ್ಲಿನ ಉಪಕರಣಗಳು ದೊರೆತಿವೆ. ಅವರು ಸೀಲ್ ಬೇಟೆಗಾಗಿ ಬಂದುಹೋಗುತ್ತಿದ್ದರು.

## ಚರಿತ್ರೆ

ಇಡೀ ಕೆನಡಾವನ್ನೇ ಬಿಟ್ಟುಕೊಟ್ಟ ಫ್ರಾನ್ಸ್ ಈ ಬಂಡೆಗಳನ್ನು ಮಾತ್ರ ಏಕೆ ಉಳಿಸಿಕೊಂಡಿತು?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಒಂದೇ ಮಾತಿನ ಉತ್ತರ: ಮೀನು.

ನ್ಯೂಫೌಂಡ್‌ಲ್ಯಾಂಡಿನ ಸುತ್ತಲಿನ ಸಮುದ್ರ ಆಳವಿಲ್ಲದ ದಿಬ್ಬಗಳ ಪ್ರದೇಶ. ಉತ್ತರದ ತಣ್ಣನೆಯ ಪ್ರವಾಹವೂ ದಕ್ಷಿಣದ ಬೆಚ್ಚಗಿನ ಪ್ರವಾಹವೂ ಇಲ್ಲಿ ಕೂಡುತ್ತವೆ. ಅದರಿಂದಲೇ ದಟ್ಟ ಮಂಜು, ಅದರಿಂದಲೇ ಹೇರಳ ಕಾಡ್ ಮೀನು. ಕಾಡ್ ಲಿವರ್ ಎಣ್ಣೆಯ ಹಳದಿ ಗುಳಿಗೆಯನ್ನು ಚಿಕ್ಕವರಿದ್ದಾಗ ನುಂಗಿದವರಿಗೆ ಹೆಸರು ಗೊತ್ತಿರುತ್ತದೆ. ಕೊಬ್ಬು ಕಡಿಮೆ ಇರುವ ಮೀನಾದ್ದರಿಂದ ಉಪ್ಪು ಹಾಕಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಾಂಸ ತಿನ್ನದ ವ್ರತದ ದಿನಗಳು ಬಹಳವಿದ್ದ ಕ್ಯಾಥೊಲಿಕ್ ಯುರೋಪಿಗೆ ಅದು ಬೇಕೇ ಬೇಕಿತ್ತು. ದೂರದ ಸಮುದ್ರಕ್ಕೆ ಹೋಗಿ ಬಂದ ಮೀನುಗಾರರೇ ಯುದ್ಧ ಬಂದಾಗ ನೌಕಾಪಡೆಗೆ ನಾವಿಕರಾಗುತ್ತಿದ್ದರು. ಆದ್ದರಿಂದ ಮೀನುಗಾರಿಕೆ ಕಳೆದುಕೊಂಡ ರಾಜ್ಯ ನೌಕಾಬಲವನ್ನೂ ಕಳೆದುಕೊಳ್ಳುತ್ತದೆ ಎಂಬುದು ಅಂದಿನ ಲೆಕ್ಕ.

ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸ್ 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಿತು. ಆದರೆ ಮೀನುಗಾರರಿಗೆ ತಂಗುದಾಣ ಬೇಕೆಂದು ಹಟ ಹಿಡಿದು ಈ ದ್ವೀಪಗಳನ್ನು ಪಡೆಯಿತು. ಒಪ್ಪಂದದ ಆರನೆಯ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ: ಕೋಟೆ ಕಟ್ಟುವಂತಿಲ್ಲ, ಮೀನುಗಾರಿಕೆಗೆ ಬೇಕಾದ ಕಟ್ಟಡಗಳು ಮಾತ್ರ, ಕಾವಲಿಗೆ ಐವತ್ತು ಜನರನ್ನು ಮೀರುವಂತಿಲ್ಲ. ಹಸ್ತಾಂತರಕ್ಕೆ ಮುನ್ನ ದ್ವೀಪಗಳನ್ನು ಅವಸರದಲ್ಲಿ ಅಳೆದು ನಕ್ಷೆ ಬರೆದವನು ಜೇಮ್ಸ್ ಕುಕ್. ಮುಂದೆ ಪೆಸಿಫಿಕ್ ಯಾನಗಳಿಂದ ಪ್ರಸಿದ್ಧನಾದ ಕುಕ್ ಅವನೇ.

ಪುದುಚೇರಿ, ಮಾಹೆ ಕೂಡ ಫ್ರೆಂಚರದ್ದಾಗಿದ್ದವಲ್ಲ, ಇವಕ್ಕೂ ಅವಕ್ಕೂ ಏನಾದರೂ ಸಂಬಂಧವಿದೆಯೇ?

ಇದೆ, ಮತ್ತು ನಮ್ಮವರಿಗೆ ಅಷ್ಟಾಗಿ ತಿಳಿಯದ ಸಂಬಂಧ ಅದು. ಸೇಂಟ್ ಪಿಯರನ್ನು ಫ್ರಾನ್ಸಿಗೆ ಕೊಟ್ಟ 1763ರ ಒಪ್ಪಂದವೇ ಹನ್ನೊಂದನೆಯ ಕಲಮಿನಲ್ಲಿ ಪುದುಚೇರಿ, ಮಾಹೆ, ಕಾರೈಕಲ್‌ಗಳನ್ನೂ ಹಿಂದಿರುಗಿಸಿತು.

ಮುಂದೆಯೂ ಎರಡೂ ಕಡೆಯ ಹಣೆಬರಹ ಜೊತೆಯಾಗಿಯೇ ನಡೆಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಅಮೆರಿಕನ್ನರ ಪರ ನಿಂತ ಕೂಡಲೇ, 1778ರಲ್ಲಿ, ಇಂಗ್ಲಿಷರು ಸೇಂಟ್ ಪಿಯರನ್ನು ಹಿಡಿದರು. ಮನೆಗಳನ್ನು ಸುಟ್ಟು ಜನರನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಅಟ್ಟಿದರು. ಅದೇ ವರ್ಷ ಪುದುಚೇರಿಯೂ ಬಿತ್ತು, 1779ರಲ್ಲಿ ಮಾಹೆಯೂ ಹೋಯಿತು. ಮಾಹೆ ಹೈದರ್ ಅಲಿಗೆ ಫ್ರೆಂಚ್ ಶಸ್ತ್ರಾಸ್ತ್ರ ಬಂದಿಳಿಯುತ್ತಿದ್ದ ಬಂದರು. ಅದನ್ನು ಇಂಗ್ಲಿಷರು ಕಸಿದುಕೊಂಡದ್ದು ಎರಡನೆಯ ಮೈಸೂರು ಯುದ್ಧಕ್ಕೆ ಒಂದು ಮುಖ್ಯ ಕಾರಣವಾಯಿತು. ಮಿಕೆಲಾನ್‌ನ ಮೀನುಗಾರನ ಗುಡಿಸಲು ಹೊತ್ತಿ ಉರಿದದ್ದೂ ಹೈದರನ ಸೈನ್ಯ ಘಟ್ಟ ಇಳಿದು ಇಂದಿನ ತಮಿಳುನಾಡಿನ ಕಡೆಯ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ್ದೂ ಒಂದೇ ಜಗಳದ ಎರಡು ಕೊನೆಗಳು.

1783ರಲ್ಲಿ ಎರಡೂ ಫ್ರಾನ್ಸಿಗೆ ಮರಳಿದವು. 1793ರಲ್ಲಿ ಎರಡೂ ಮತ್ತೆ ಇಂಗ್ಲಿಷರ ಪಾಲಾದವು. 1814ರ ಒಪ್ಪಂದದಂತೆ ಎರಡೂ ಮರಳಿದವು, ವಾಸ್ತವವಾಗಿ ಕೈಗೆ ಬಂದದ್ದು 1816ರಲ್ಲಿ. ದಾರಿ ಬೇರೆಯಾದದ್ದು ಆಮೇಲೆ: 1954ರಲ್ಲಿ ಪುದುಚೇರಿ ಮತ್ತು ಮಾಹೆ ಭಾರತವನ್ನು ಸೇರಿದವು, ಸೇಂಟ್ ಪಿಯರ್ ಫ್ರಾನ್ಸಿನಲ್ಲೇ ಉಳಿಯಿತು. ಮಂಗಳೂರಿನಿಂದ ಕೋಝಿಕ್ಕೋಡಿಗೆ ಹೋಗುವ ರೈಲು ಮಾಹೆ ದಾಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕಾಡ್ ಮೀನನ್ನು ಅಲ್ಲಿ ಹೇಗೆ ಒಣಗಿಸುತ್ತಿದ್ದರು? ನಮ್ಮ ಕರಾವಳಿಯ ಒಣಮೀನಿನಂತೆಯೇ?

ಮೂಲ ಉಪಾಯ ಒಂದೇ, ಆದರೆ ಬಿಸಿಲು ಬೇರೆ. ಅಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಂಜು ಕವಿದಿರುತ್ತದೆ. ಆದ್ದರಿಂದ ಮೀನಿಗಿಂತ ಆಕಾಶವನ್ನು ಕಾಯುವುದೇ ದೊಡ್ಡ ಕೆಲಸ.

ದಡದಲ್ಲಿ ದುಂಡು ಕಲ್ಲುಗಳನ್ನು ಒತ್ತಾಗಿ ಹಾಸಿ ಅಂಗಳ ಮಾಡುತ್ತಿದ್ದರು. ಅದಕ್ಕೆ 'ಗ್ರಾವ್' ಎಂದು ಹೆಸರು. ತಲೆ ಕಡಿದು, ಹೊಟ್ಟೆ ಸೀಳಿ, ಬೆನ್ನುಮೂಳೆ ತೆಗೆದು, ಪುಸ್ತಕ ಬಿಡಿಸಿದಂತೆ ಚಪ್ಪಟೆ ಮಾಡಿದ ಮೀನನ್ನು ಉಪ್ಪಿನಲ್ಲಿ ಅಡಕಿ ಇಡುತ್ತಿದ್ದರು. ಬಳಿಕ ತೊಳೆದು ಕಲ್ಲಿನ ಮೇಲೆ ಒಂದೊಂದಾಗಿ ಹರಡಬೇಕು. ಹಗಲಿನಲ್ಲಿ ಮಾಂಸದ ಬದಿ ಮೇಲೆ, ಸಂಜೆ ಇಬ್ಬನಿ ತಾಗದಂತೆ ಮಗುಚಿ ಚರ್ಮದ ಬದಿ ಮೇಲೆ. ಮಳೆ ಹನಿಯಿತೋ, ಎಲ್ಲವನ್ನೂ ಎತ್ತಿ ರಾಶಿ ಹಾಕಿ ಮುಚ್ಚಬೇಕು. ಬಿಸಿಲು ಹೆಚ್ಚಾದರೂ ಕಷ್ಟ, ಮೀನು ಬೆಂದು ಪುಡಿಯಾಗುತ್ತದೆ. ಕಲ್ಲುಗಳ ಸಂದಿನಲ್ಲಿ ಗಾಳಿ ಆಡಬೇಕಾದ್ದರಿಂದ ಅಲ್ಲಿ ಒಂದು ಎಸಳು ಹುಲ್ಲು ಹುಟ್ಟದಂತೆ ಕೀಳುತ್ತಿರಬೇಕು.

ಇದನ್ನೆಲ್ಲ ಮಾಡುತ್ತಿದ್ದವರಲ್ಲಿ ಬಹಳಷ್ಟು ಮಂದಿ ಬ್ರಿಟನಿಯ ಬಡ ಮನೆಗಳ ಹುಡುಗರು. 'ಗ್ರಾವಿಯೆ' ಎಂದು ಅವರನ್ನು ಕರೆಯುತ್ತಿದ್ದರು. ಹನ್ನೆರಡು ಹದಿಮೂರು ವರ್ಷದ ಮಕ್ಕಳು ವಸಂತದಲ್ಲಿ ಹಡಗು ಹತ್ತಿ ಬಂದು, ಬೇಸಿಗೆಯಿಡೀ ಬೆನ್ನು ಬಗ್ಗಿಸಿ ದುಡಿದು, ಚಳಿಗೆ ಮುನ್ನ ಮರಳುತ್ತಿದ್ದರು. ಉಪ್ಪುನೀರಿನಲ್ಲಿ ಬಿರಿದ ಆ ಕೈಗಳ ಮೇಲೆ ನಿಂತ ಸಂಪತ್ತು ಅದು. ಅಂಥ ಕಲ್ಲಿನ ಅಂಗಳಗಳ ಗುರುತು ಸೇಂಟ್ ಪಿಯರ್ ಬಂದರಿನ ಎದುರಿನ ಇಲ್ ಓ ಮರೇನ್ ಎಂಬ ಪುಟ್ಟ ದ್ವೀಪದಲ್ಲಿ ಉಳಿದಿದೆ. ಒಂದು ಕಾಲಕ್ಕೆ ನೂರಾರು ಜನರಿದ್ದ ಆ ದ್ವೀಪದಲ್ಲಿ 1960ರ ದಶಕದ ಬಳಿಕ ವರ್ಷಪೂರ್ತಿ ಇರುವವರು ಯಾರೂ ಇಲ್ಲ.

ಉತ್ತರ ಅಮೆರಿಕದಲ್ಲಿ ಗಿಲೊಟಿನ್ ಬಳಸಿದ ಏಕೈಕ ಜಾಗ ಇದೇ ಎನ್ನುತ್ತಾರೆ, ನಿಜವೇ?

ನಿಜ. ಕೆರಿಬಿಯನ್ ದ್ವೀಪಗಳನ್ನು ಮಾತ್ರ ಲೆಕ್ಕದಿಂದ ಬಿಡಬೇಕು. 1888ರ ಕೊನೆಯ ರಾತ್ರಿ ಕುಡಿದ ಅಮಲಿನಲ್ಲಿ ಜೋಸೆಫ್ ನೀಲ್ ಎಂಬ ಮೀನುಗಾರ ಜೊತೆಗಾರನೊಡಗೂಡಿ ಇನ್ನೊಬ್ಬ ಮೀನುಗಾರನನ್ನು ಕೊಂದ. ಫ್ರೆಂಚ್ ಕಾನೂನಿನ ಪ್ರಕಾರ ಮರಣದಂಡನೆಗೆ ತಲೆ ಕಡಿಯುವ ಯಂತ್ರವಾದ ಗಿಲೊಟಿನ್ನೇ ಆಗಬೇಕು, ದ್ವೀಪದಲ್ಲಿ ಅದು ಇರಲಿಲ್ಲ. ಕೆರಿಬಿಯನ್‌ನ ಮಾರ್ಟಿನಿಕ್‌ನಿಂದ ತರಿಸಲಾಯಿತು. ಅದು ಬಂದು ತಲುಪುವವರೆಗೆ ಕಾದು, 1889ರ ಆಗಸ್ಟ್‌ನಲ್ಲಿ ಶಿಕ್ಷೆ ಜಾರಿ ಮಾಡಿದರು. ಆ ಯಂತ್ರ ಇಂದು ಊರಿನ ಮ್ಯೂಸಿಯಮ್‌ನಲ್ಲಿದೆ.

ಅಮೆರಿಕದ ಪಾನನಿಷೇಧದ ಕಾಲದಲ್ಲಿ ಈ ಊರು ಶ್ರೀಮಂತವಾಯಿತಂತೆ. ಹೇಗೆ?

1920ರ ಜನವರಿಯಿಂದ ಅಮೆರಿಕದಲ್ಲಿ ಮದ್ಯ ನಿಷಿದ್ಧ. ಪಕ್ಕದ ಕೆನಡಾದಲ್ಲಿ ಭಟ್ಟಿಗಳು ನಡೆಯುತ್ತಿದ್ದವು. ಮದ್ಯ ಹೊರದೇಶದಲ್ಲಿ ಇಳಿದಿದೆ ಎಂಬ ಪ್ರಮಾಣಪತ್ರ ತೋರಿಸಿದರೆ ಕೆನಡಾದ ವ್ಯಾಪಾರಿಗೆ ತೊಂದರೆಯಿಲ್ಲ. ಸೇಂಟ್ ಪಿಯರ್ ಫ್ರಾನ್ಸಿನ ನೆಲ, ಅಲ್ಲಿ ಮದ್ಯ ಕಾನೂನುಬದ್ಧ, ಸುಂಕವೂ ಹಗುರ. ಪೆಟ್ಟಿಗೆಗಳು ಅಲ್ಲಿ ಸಕ್ರಮವಾಗಿ ಇಳಿಯುತ್ತಿದ್ದವು, ಸಕ್ರಮವಾಗಿಯೇ ಇನ್ನೊಂದು ಹಡಗು ಏರುತ್ತಿದ್ದವು. ಅಪರಾಧ ಶುರುವಾಗುತ್ತಿದ್ದುದು ಅಮೆರಿಕದ ದಡದ ಬಳಿ. 1930ರಲ್ಲಿ ಅಮೆರಿಕಕ್ಕೆ ನೇರವಾಗಿ ಮದ್ಯ ಕಳುಹಿಸುವುದನ್ನು ಕೆನಡಾ ನಿಷೇಧಿಸಿದಾಗ ದ್ವೀಪದ ವಹಿವಾಟು ಇನ್ನಷ್ಟು ಬೆಳೆಯಿತು.

ಬಾಟಲಿಗಳನ್ನು ಮರದ ಪೆಟ್ಟಿಗೆಯಲ್ಲೇ ಸಾಗಿಸಿದರೆ ಭಾರ, ಮೇಲಾಗಿ ಸದ್ದು. ಅದಕ್ಕೆ ಬಂದರಿನಲ್ಲೇ ಪೆಟ್ಟಿಗೆ ಒಡೆದು, ಬಾಟಲಿಗೆ ಹುಲ್ಲು ಸುತ್ತಿ, ಗೋಣಿಚೀಲಕ್ಕೆ ತುಂಬಿ ಹೊಲಿಯುತ್ತಿದ್ದರು. ಖಾಲಿ ಪೆಟ್ಟಿಗೆಗಳು ಊರಿನಲ್ಲಿ ಬೆಟ್ಟದಂತೆ ಬಿದ್ದವು. ಮರವೇ ಅಪರೂಪವಾದ ಬಂಡೆಯ ಮೇಲೆ ಅದು ದೊಡ್ಡ ಭಾಗ್ಯ. ಜನ ಒಲೆಗೆ ಹಾಕಿದರು, ಗೋಡೆಗೆ ಹೊಡೆದರು. ಕಟ್ಟಿ ಸಾರ್ಕ್ ವಿಸ್ಕಿಯ ಹಲಗೆಗಳಿಂದ ಕಟ್ಟಿದ ಮನೆಗೆ ವಿಲ್ಲಾ ಕಟ್ಟಿ ಸಾರ್ಕ್ ಎಂದೇ ಹೆಸರಾಯಿತು. ಮೀನು ಶೀತಲೀಕರಣಕ್ಕೆ ಕಟ್ಟಿದ ಕಟ್ಟಡ ಮದ್ಯದ ಉಗ್ರಾಣವಾಯಿತು, ದೋಣಿಗಳು ದಡ ಸೇರಿದವು.

1933ರ ಡಿಸೆಂಬರ್ 5ರಂದು ಅಮೆರಿಕ ನಿಷೇಧವನ್ನು ತೆಗೆದುಹಾಕಿತು. ಉಗ್ರಾಣಗಳಿಗೆ ಬೀಗ ಬಿತ್ತು. ಹದಿಮೂರು ವರ್ಷದಲ್ಲಿ ಒಂದು ಪೀಳಿಗೆ ಬಲೆ ಗಾಳ ಮರೆತಿತ್ತು, ಹಳೆಯ ಕಸುಬಿಗೆ ಮರಳುವುದು ಸುಲಭವಾಗಲಿಲ್ಲ. ಈ ಕಥೆಯನ್ನು ಮೋಜಿನ ಕಥೆಯಾಗಿ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮಾತ್ರ ಅದರ ನಂತರದ ಬರಗಾಲವೇ ಮುಖ್ಯವಾಗಿ ಕಾಣುತ್ತದೆ. ನೂರಾರು ಕುಟುಂಬಗಳ ಅನ್ನ ವಾಷಿಂಗ್ಟನ್ನಿನ ಒಂದು ಸಹಿಯಿಂದ ಬಂದಿತ್ತು, ಇನ್ನೊಂದು ಸಹಿಯಿಂದ ಹೋಯಿತು.

ಎರಡನೆಯ ಮಹಾಯುದ್ಧದಲ್ಲಿ ಇಷ್ಟು ಚಿಕ್ಕ ಜಾಗಕ್ಕಾಗಿ ಅಮೆರಿಕ ಏಕೆ ಸಿಟ್ಟಾಯಿತು?

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದ ಮೇಲೆ ದ್ವೀಪದ ಆಡಳಿತ ಜರ್ಮನಿಯೊಡನೆ ಸಹಕರಿಸುತ್ತಿದ್ದ ಫ್ರಾನ್ಸಿನ ವಿಶಿ ಸರಕಾರಕ್ಕೆ ನಿಷ್ಠವಾಗಿ ಉಳಿಯಿತು. ಅಲ್ಲಿನ ರೇಡಿಯೊ ಕೇಂದ್ರದಿಂದ ಮಿತ್ರಪಕ್ಷದ ಹಡಗುಗಳ ಸುದ್ದಿ ಜರ್ಮನರಿಗೆ ಮುಟ್ಟೀತೆಂಬ ಆತಂಕವಿತ್ತು. ಆದರೂ ಅಟ್ಲಾಂಟಿಕ್‌ನ ಈ ಬದಿಯ ಫ್ರೆಂಚ್ ನೆಲಗಳ ಯಥಾಸ್ಥಿತಿ ಕದಡಬಾರದೆಂದು ಅಮೆರಿಕ ವಿಶಿಯೊಡನೆ ಮಾತಾಡಿಕೊಂಡಿತ್ತು. ಜರ್ಮನಿಯ ವಿರುದ್ಧ ಹೋರಾಟ ಮುಂದುವರಿಸಿದ್ದ 'ಸ್ವತಂತ್ರ ಫ್ರಾನ್ಸ್' ಪಕ್ಷದ ನಾಯಕ ಚಾರ್ಲ್ಸ್ ಡಿ ಗಾಲ್ ಅದಕ್ಕೆ ಕಿವಿಗೊಡಲಿಲ್ಲ. 1941ರ ಡಿಸೆಂಬರ್ 24ರ ಬೆಳಗಿನ ಜಾವ ಅವರ ಅಡ್ಮಿರಲ್ ಮ್ಯುಜಲಿಯೆ ಕಾರ್ವೆಟ್ ಎಂಬ ಮೂರು ಸಣ್ಣ ಯುದ್ಧಹಡಗುಗಳು ಮತ್ತು 'ಸುರ್ಕೂಫ್' ಎಂಬ ಜಲಾಂತರ್ಗಾಮಿಯೊಡನೆ ಬಂದಿಳಿದರು. ಒಂದು ಗುಂಡೂ ಹಾರಲಿಲ್ಲ. ಮರುದಿನ, ಕ್ರಿಸ್‌ಮಸ್‌ನಂದು, ಜನಮತ ಕೇಳಲಾಯಿತು, ಶೇಕಡ 98ರಷ್ಟು ಮತ ಸ್ವತಂತ್ರ ಫ್ರಾನ್ಸಿನ ಪರವಾಗಿ ಬಿತ್ತು.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಸಿಡಿದೆದ್ದು, ತಮ್ಮನ್ನು ಸ್ವತಂತ್ರ ಫ್ರೆಂಚರೆಂದು ಕರೆದುಕೊಳ್ಳುವವರ ಹಡಗುಗಳು ಎಂಬರ್ಥದಲ್ಲಿ ಹೇಳಿಕೆ ಕೊಟ್ಟರು. ಅಮೆರಿಕದ ಪತ್ರಿಕೆಗಳು ಹಲ್ ಅವರ ಮೇಲೆಯೇ ತಿರುಗಿಬಿದ್ದವು. ಇದಕ್ಕೆಲ್ಲ ದ್ವೀಪದ ಮನೆಗಳು ಬೆಲೆ ಕೊಟ್ಟವು. ಆ ಮೂರು ಕಾರ್ವೆಟ್‌ಗಳಲ್ಲಿ ಒಂದಾದ 'ಮಿಮೋಸಾ' 1942ರ ಜೂನ್‌ನಲ್ಲಿ ಜರ್ಮನ್ ಟಾರ್ಪಿಡೊಗೆ ಸಿಕ್ಕಿ ಮುಳುಗಿದಾಗ ಸೇಂಟ್ ಪಿಯರ್‌ನ ಯುವಕರೂ ಅದರೊಡನೆ ಹೋದರು.

## ಮೀನು, ಗಡಿ ಮತ್ತು ಹಣ

'ಬಗೆಟ್' ಎಂದು ಕರೆಯುವ ಸಮುದ್ರ ಗಡಿ ಏನದು?

ಬಗೆಟ್ ಅಂದರೆ ಫ್ರೆಂಚರ ಉದ್ದನೆಯ, ಸಪೂರವಾದ ಬ್ರೆಡ್ಡು. ದ್ವೀಪಗಳ ಸಮುದ್ರ ಪ್ರದೇಶ ನಕ್ಷೆಯಲ್ಲಿ ಹಾಗೆಯೇ ಕಾಣುತ್ತದೆ.

1977ರಲ್ಲಿ ಕೆನಡಾ ತನ್ನ ದಡದಿಂದ 200 ನಾಟಿಕಲ್ ಮೈಲಿನವರೆಗಿನ ಮೀನುಗಾರಿಕೆ ತನ್ನದೆಂದು ಘೋಷಿಸಿತು. ಫ್ರಾನ್ಸೂ ದ್ವೀಪಗಳ ಹೆಸರಿನಲ್ಲಿ ಅಷ್ಟನ್ನೇ ಕೇಳಿತು. ಎರಡೂ ವೃತ್ತಗಳು ಒಂದರ ಮೇಲೊಂದು ಬಿದ್ದವು. ವಾದ ವರ್ಷಗಟ್ಟಲೆ ಎಳೆಯಿತು, ದೋಣಿಗಳ ಬಂಧನವೂ ಆಯಿತು. ಕೊನೆಗೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ 1992ರ ಜೂನ್ 10ರಂದು ತೀರ್ಪು ಕೊಟ್ಟಿತು: ಪಶ್ಚಿಮಕ್ಕೆ 24 ನಾಟಿಕಲ್ ಮೈಲಿನ ಒಂದು ವಲಯ, ದಕ್ಷಿಣಕ್ಕೆ 10.5 ನಾಟಿಕಲ್ ಮೈಲು ಅಗಲದ ಉದ್ದನೆಯ ಓಣಿ. ಒಟ್ಟು ಸುಮಾರು 12,400 ಚದರ ಕಿಲೋಮೀಟರ್. ಓಣಿಯ ಅಗಲ 20 ಕಿಲೋಮೀಟರೂ ಇಲ್ಲ. ಮೀನಿನ ಹಿಂಡು ಬೆಳಗ್ಗೆ ಒಳಗೆ, ಸಂಜೆ ಹೊರಗೆ. ದ್ವೀಪದವರ ಎದೆಯಲ್ಲಿ ಆ ತೀರ್ಪು ಇಂದಿಗೂ ಮುಳ್ಳಾಗಿಯೇ ಉಳಿದಿದೆ.

ಮೂರೇ ವಾರಗಳ ಬಳಿಕ ಇನ್ನೊಂದು ಪೆಟ್ಟು. ದೈತ್ಯ ಟ್ರಾಲರ್‌ಗಳು ದಶಕಗಳ ಕಾಲ ಬಾಚಿದ್ದರಿಂದ ಕಾಡ್ ಸಂತತಿ ಕುಸಿದಿತ್ತು. ಜುಲೈ 2ರಂದು ಕೆನಡಾ ನ್ಯೂಫೌಂಡ್‌ಲ್ಯಾಂಡಿನ ಪೂರ್ವದ ಕಾಡ್ ಮೀನುಗಾರಿಕೆ ನಿಲ್ಲಿಸಿತು. ದ್ವೀಪಗಳ ಸುತ್ತಲಿನ ದಕ್ಷಿಣದ ನೀರೂ 1993ರಲ್ಲಿ ಮುಚ್ಚಿತು. 1997ರಲ್ಲಿ ಅದು ತೆರೆದಾಗ ಹಿಡಿಯಬಹುದಾದ ಕಾಡ್‌ನಲ್ಲಿ ಫ್ರಾನ್ಸಿನ ಪಾಲು ಶೇಕಡ 15.6 ಎಂದು ನಿಗದಿಯಾಗಿತ್ತು, ಆದರೆ ಹಳೆಯ ಮೀನು ಮರಳಲಿಲ್ಲ.

ಹಾಗಾದರೆ ಈಗ ಅವರು ಬದುಕುವುದು ಹೇಗೆ?

ನೇರವಾಗಿ ಹೇಳುವುದಾದರೆ, ಬಹುಪಾಲು ಪ್ಯಾರಿಸ್ಸಿನ ಹಣದಿಂದ. ಸರಕಾರಿ ನೌಕರಿ, ಆಸ್ಪತ್ರೆ, ಶಾಲೆ, ಸರಕಾರ ಕಟ್ಟಿಸುವ ಬಂದರು ರಸ್ತೆಗಳೇ ಸಂಬಳದ ಮುಖ್ಯ ಮೂಲ. ಇದನ್ನು ಕೇಳಿ 'ಹಾಗಾದರೆ ಕೂತು ತಿನ್ನುತ್ತಾರೆ' ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಮ್ಮ ಕಸುಬಿನ ಸಮುದ್ರಕ್ಕೆ ಗೆರೆ ಎಳೆದವರು ಆ ಜನರಲ್ಲ, ಮೀನನ್ನು ಬರಿದು ಮಾಡಿದ್ದೂ ಅವರೊಬ್ಬರೇ ಅಲ್ಲ.

ಮೀನುಗಾರಿಕೆ ಸಣ್ಣದಾಗಿ ಮುಂದುವರಿದಿದೆ: ಹಿಮ ಏಡಿ, ಲಾಬ್‌ಸ್ಟರ್, ಹಲಿಬಟ್, ಏಷ್ಯಾದ ಮಾರುಕಟ್ಟೆಗೆ ಹೋಗುವ, ಸಮುದ್ರ ಸೌತೆ ಎಂಬ ಮೆತ್ತನೆಯ ಕಡಲ ಜೀವಿ. ಬೇಸಿಗೆಯಲ್ಲಿ ಪ್ರವಾಸಿಗಳು ಬರುತ್ತಾರೆ, 2018ರಿಂದ ಬೇಸಿಗೆಗೆ ಪ್ಯಾರಿಸ್ಸಿನಿಂದ ನೇರ ವಿಮಾನವಿದೆ. ಕೆನಡಾದ ವಿದ್ಯಾರ್ಥಿಗಳು ಫ್ರೆಂಚ್ ಕಲಿಯಲು ಬಂದಿರುತ್ತಾರೆ. ತರಕಾರಿಯಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವೂ ಹಡಗಿನಲ್ಲಿ ಬರಬೇಕು, ಹೆಚ್ಚಿನದು ಕೆನಡಾದ ಹ್ಯಾಲಿಫ್ಯಾಕ್ಸ್ ಮೂಲಕ. ವಿದ್ಯುತ್ತು ಡೀಸೆಲ್‌ನಿಂದ. ಹಾಗಾಗಿ ಬೆಲೆ ಏರಿದರೆ ತಡೆಯುವ ಗೋಡೆಯಿಲ್ಲ. ಓದಲು ಹೊರಗೆ ಹೋದ ಮಕ್ಕಳು ಎಲ್ಲರೂ ಮರಳುವುದಿಲ್ಲ. 1999ರಲ್ಲಿ 6,300 ದಾಟಿದ್ದ ಜನಸಂಖ್ಯೆ ಅಲ್ಲಿಂದ ಇಳಿಯುತ್ತಲೇ ಬಂದಿದೆ.

2025ರಲ್ಲಿ ಅಮೆರಿಕ ಈ ದ್ವೀಪಗಳ ಮೇಲೆ ಶೇಕಡ 50 ಸುಂಕ ಹಾಕಿತು ಎಂದು ಓದಿದೆ. ಆರು ಸಾವಿರ ಜನರ ಮೇಲೆ ಏಕೆ?

ಆ ವರ್ಷದ ಏಪ್ರಿಲ್ 2ರ ಪಟ್ಟಿಯಲ್ಲಿ ಶೇಕಡ 50 ಎಂದೇ ಇತ್ತು. ಆ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ದರ ಯಾರಿಗೂ ಇರಲಿಲ್ಲ. ಲೆಕ್ಕ ಹಾಕಿದ ವಿಧಾನವೇ ಕಾರಣ: ಒಂದು ದೇಶದೊಡನೆ ಅಮೆರಿಕಕ್ಕಿರುವ ವ್ಯಾಪಾರ ಕೊರತೆಯನ್ನು ಅಲ್ಲಿಂದ ಆಗುವ ಆಮದಿನಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ. ದ್ವೀಪಗಳು ಅಮೆರಿಕದಿಂದ ನೇರವಾಗಿ ಕೊಳ್ಳುವುದು ಅತ್ಯಲ್ಪ, ಸಾಮಾನು ಬರುವುದು ಕೆನಡಾದ ಮೂಲಕ. 2024ರ ಬೇಸಿಗೆಯಲ್ಲಿ ಕೆಲವು ದಶಲಕ್ಷ ಡಾಲರ್‌ಗಳ ಹಲಿಬಟ್ ಮೀನು ಅಮೆರಿಕಕ್ಕೆ ಹೋಗಿತ್ತು. ಆ ಒಂದು ಸರಕಿನಿಂದ ಆ ವರ್ಷದ ಲೆಕ್ಕ ತಲೆಕೆಳಗಾಯಿತು. ಕೆಲವೇ ದಿನಗಳಲ್ಲಿ ದರ ಶೇಕಡ 10ಕ್ಕೆ ಇಳಿಯಿತು.

ಕೆನಡಾ ಸೇರುವ ಅಥವಾ ಸ್ವತಂತ್ರವಾಗುವ ಮಾತು ಅಲ್ಲಿಲ್ಲವೇ?

ಸ್ವಾತಂತ್ರ್ಯದ ಚಳವಳಿ ಅಲ್ಲಿ ಬೇರು ಬಿಟ್ಟಿಲ್ಲ. ತಿಕ್ಕಾಟ ಇರುವುದು ಎಷ್ಟು ಫ್ರಾನ್ಸ್, ಎಷ್ಟು ಸ್ವಂತ ಎಂಬುದರ ಬಗ್ಗೆ. 1946ರಲ್ಲಿ ವಸಾಹತು ಪಟ್ಟ ಹೋಗಿ ಸಾಗರೋತ್ತರ ಪ್ರದೇಶವಾಯಿತು. 1976ರಲ್ಲಿ ಪ್ಯಾರಿಸ್ ಇದನ್ನು ಫ್ರಾನ್ಸಿನ ಇತರ ಜಿಲ್ಲೆಗಳಂತೆ ಮಾಡಿತು. ಅದರೊಂದಿಗೆ ಯುರೋಪಿನ ಸುಂಕದ ನಿಯಮಗಳೂ ಬಂದವು. ಬೇಕಾದದ್ದನ್ನೆಲ್ಲ ಕೆನಡಾದಿಂದ ಕೊಳ್ಳುವ ಊರಿಗೆ ಅದು ಹೊಂದಲಿಲ್ಲ. ಜನರ ವಿರೋಧದ ನಂತರ 1985ರಲ್ಲಿ ವಿಶೇಷ ಸ್ಥಾನ ಸಿಕ್ಕಿತು: ತೆರಿಗೆ, ಸುಂಕ ಸ್ಥಳೀಯ ಮಂಡಳಿಯ ಕೈಗೆ, ಉಳಿದದ್ದು ಫ್ರಾನ್ಸಿನದು.

ಮಿಕೆಲಾನ್ ಹಳ್ಳಿಯನ್ನೇ ಎತ್ತಿ ಬೇರೆಡೆ ಇಡುತ್ತಾರಂತೆ, ಹೌದೇ?

ಹೌದು. ಸುಮಾರು 600 ಜನರ ಆ ಹಳ್ಳಿ ಸಮುದ್ರ ಮಟ್ಟದಿಂದ ಒಂದೆರಡು ಮೀಟರ್ ಎತ್ತರದ ಬೆಣಚುಕಲ್ಲಿನ ದಡದ ಮೇಲೆ ಕೂತಿದೆ. ಎದುರಿಗೆ ಸಮುದ್ರ, ಹಿಂದೆ ಹಿನ್ನೀರು. ಅಂದು ದೋಣಿ ಎಳೆದು ತರಲು, ಮೀನು ಹರಡಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಈಗ ಬಿರುಗಾಳಿ ಬಂದರೆ ಅಲೆ ಬೀದಿಗೆ ನುಗ್ಗುತ್ತದೆ. 2014ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫ್ರಾನ್ಸ್ವಾ ಒಲಾಂದ್ ಬಂದಿದ್ದಾಗಲೇ ಅಪಾಯದ ಮಾತು ಎದ್ದಿತ್ತು. ಆಮೇಲೆ ಹೊಸ ಮನೆ ಕಟ್ಟುವುದಕ್ಕೆ ನಿರ್ಬಂಧ ಬಂತು. ಮೊದಮೊದಲು ಬಹಳ ಮಂದಿ ಕೇಳಲೂ ಸಿದ್ಧರಿರಲಿಲ್ಲ. ಅಜ್ಜನ ಕಾಲದ ಮನೆ, ಬಾಗಿಲು ತೆರೆದರೆ ದೋಣಿ, ಅದನ್ನು ಬಿಟ್ಟು ಎಲ್ಲಿಗೆ?

ಮನಸ್ಸು ನಿಧಾನವಾಗಿ ಬದಲಾಯಿತು. ಒಂದೂವರೆ ಕಿಲೋಮೀಟರ್ ದೂರದ ದಿಬ್ಬದ ಮೇಲೆ ಹೊಸ ಹಳ್ಳಿಗೆ ನೆಲ ಗುರುತಿಸಿದ್ದಾರೆ. ಬಲವಂತವಿಲ್ಲ. ಹೋಗಲು ಒಪ್ಪಿದವರ ಹಳೆಯ ಮನೆಯನ್ನು ಸರಕಾರ ಕೊಂಡುಕೊಳ್ಳುತ್ತದೆ, ಆ ಹಣದಿಂದ ದಿಬ್ಬದ ಮೇಲೆ ಮನೆ ಕಟ್ಟಬಹುದು. ಇಡೀ ಊರು ಮೇಲೇರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕೆಲವರು ಮೇಲೆ, ಕೆಲವರು ಕೆಳಗೆ, ನಡುವೆ ಒಂದೂವರೆ ಕಿಲೋಮೀಟರ್ ರಸ್ತೆ.